ಜೊತೆಗಾರರ ಆಟ

ಗಾಲ್ಫ್ ಎಂದರೆ ನನ್ನ ಪಾಲಿಗೆ ಬಹುಕಾಲ ಒಂದು ಬೇಲಿಯಾಗಿತ್ತು. ಬೆಂಗಳೂರಿನ ಹೈಗ್ರೌಂಡ್ಸ್ ಮಾರ್ಗವಾಗಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಆ ಬೇಲಿ ಕಿಟಕಿಯ ಜೊತೆಗೇ ಓಡಿಬರುತ್ತಿತ್ತು. ಅದರಾಚೆ ಕತ್ತರಿಸಿಟ್ಟಂತೆ ನುಣುಪಾದ ಹಸುರು. ಅಲ್ಲೊಬ್ಬರು ಇಲ್ಲೊಬ್ಬರು ಟೋಪಿ ಧರಿಸಿದ ಮಹನೀಯರು. ಅವರ ಹಿಂದೆ ಕೋಲುಗಳ ಚೀಲ ಹೊತ್ತ ಹುಡುಗರು. ೧೮೭೬ರಲ್ಲಿ ಸ್ಥಾಪನೆಯಾದ ಆ ಕ್ಲಬ್ಬಿನೊಳಗೆ ನಾನು ಕಾಲಿಟ್ಟವನಲ್ಲ. ಇಡಬೇಕೆಂಬ ಆಸೆಯೂ ಹುಟ್ಟಿರಲಿಲ್ಲ. ೨೦೨೧ರ ಆಗಸ್ಟಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ, ನಾಡಿನವರೆಲ್ಲರಂತೆ ನಾನೂ ಬೆಳ್ಳಂಬೆಳಗ್ಗೆ ಎದ್ದು ನೋಡಿ, ಏನೂ ಅರ್ಥವಾಗದೆಯೇ ವ್ಯಥೆಪಟ್ಟೆ. ಗಾಲ್ಫಿನೊಡನೆ ನನಗಿದ್ದ ನಂಟು ಇಷ್ಟೇ.

ಇಂಥ ನಾನು ಆ ಆಟದ ತವರೂರಿಗೆ ಹೋದದ್ದು ಬೇರೊಂದು ಉದ್ದೇಶದಿಂದ. ನನ್ನ ಅಕ್ಕ ಮತ್ತು ಭಾವ ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿದ್ದಾರೆ. ೨೦೨೨ರ ದಸರೆಯ ರಜೆಯಲ್ಲಿ, ಮೈಸೂರಿನ ಸಡಗರವನ್ನೆಲ್ಲ ಬಿಟ್ಟು, ನಾನು ಅವರ ಮನೆಗೆ ಹೋದೆ. ಅಲ್ಲಿಗೆ ಸಮೀಪದ ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ ೧೪೧೩ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವಿದೆ. ಸ್ಕಾಟ್ಲೆಂಡಿನಲ್ಲಿ ಅದಕ್ಕಿಂತ ಹಳೆಯದಿಲ್ಲ. ಪಾಠ ಹೇಳುವ ವೃತ್ತಿಯವನಿಗೆ ಅದು ಯಾತ್ರಾಸ್ಥಳವಲ್ಲದೆ ಮತ್ತೇನು? ಅದನ್ನು ನೋಡಿ ಬರೋಣವೆಂದು ಸೆಪ್ಟೆಂಬರ್ ೨೯ರ ಗುರುವಾರ ಬೆಳಗ್ಗೆ ಭಾವನ ಕಾರಿನಲ್ಲಿ ಟೇ ನದಿಯ ಅಳಿವೆಯ ಮೇಲಿನ ಉದ್ದನೆಯ ಸೇತುವೆಯನ್ನು ದಾಟಿ ಹೊರಟೆವು.

ಊರಿನ ಹೊರಗೇ ವಾಹನಗಳ ಸಾಲು. ತಲೆಗೊಂದು ಟೋಪಿ, ಕೈಗೊಂದು ಮಡಚುವ ಕುರ್ಚಿ ಹಿಡಿದು ಹೆಂಗಸರು, ಗಂಡಸರು, ಮಕ್ಕಳು ಒಂದೇ ದಿಕ್ಕಿಗೆ ನಡೆದಿದ್ದರು. ‘ಏನು ಭಾವ, ಜಾತ್ರೆಯೇ?’ ಎಂದೆ.

‘ಜಾತ್ರೆಯೇ ಕಣಯ್ಯಾ. ಡನ್‌ಹಿಲ್ ಲಿಂಕ್ಸ್ ಪಂದ್ಯಾವಳಿ ಇವತ್ತಿನಿಂದ ಶುರು. ನಿನ್ನ ವಿಶ್ವವಿದ್ಯಾನಿಲಯ ಆರುನೂರು ವರ್ಷದಿಂದ ಕಾದಿದೆ, ಇನ್ನೆರಡು ಗಂಟೆ ಕಾಯುತ್ತದೆ. ಬಾ, ಒಂದು ಸುತ್ತು ನೋಡಿ ಬರೋಣ’ ಎಂದರು. ಎರಡು ಗಂಟೆಯೆಂದು ಹೊರಟದ್ದು ನಾಲ್ಕು ದಿನವಾಯಿತು.

ಬೇಲಿಯಿಲ್ಲದ ಬಯಲು

ನನ್ನನ್ನು ಮೊದಲು ಚಕಿತಗೊಳಿಸಿದ್ದು ಆಟವಲ್ಲ, ನೆಲ. ಕಡಲಿಗೂ ಉಳುವ ಭೂಮಿಗೂ ನಡುವೆ ಮರಳು ಮಿಶ್ರಿತವಾದ, ಏರುತಗ್ಗಿನ, ಹುಲ್ಲು ಮಾತ್ರ ಬೆಳೆಯುವ ಪಟ್ಟಿಯೊಂದಿದೆ. ಅಂಥ ನೆಲಕ್ಕೆ ಅಲ್ಲಿಯವರು ‘ಲಿಂಕ್ಸ್’ ಎನ್ನುತ್ತಾರೆ. ಬೇಸಾಯಕ್ಕೆ ಬಾರದ ಆ ಬಂಜರಿನಲ್ಲಿ ಕುರಿ ಮೇಯುತ್ತಿದ್ದವು, ಮೊಲಗಳು ಬಿಲ ತೋಡುತ್ತಿದ್ದವು, ಜನ ಚೆಂಡಾಡುತ್ತಿದ್ದರು. ಊರು ಒಮ್ಮೆಲೇ ಮುಗಿದು ಬಯಲು ಆರಂಭವಾಗುತ್ತದೆ. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಮೊದಲನೆಯ ಮತ್ತು ಹದಿನೆಂಟನೆಯ ಕುಳಿಗಳ ಹಾದಿಗೆ ಅಡ್ಡಲಾಗಿ ಊರಿನ ರಸ್ತೆಯೊಂದು ಕಡಲತೀರಕ್ಕೆ ಹೋಗುತ್ತದೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಕ್ಲಾರ್ಕಜ್ಜಿಯ ಓಣಿ’ ಎಂದಾದೀತು. ಲಕ್ಷಾಂತರ ಡಾಲರಿನ ಪಂದ್ಯ ನಡೆಯುತ್ತಿದ್ದಾಗಲೂ, ಒಂದು ಗುಂಪಿನ ಆಟಗಾರರು ಮುಂದೆ ಸಾಗಿದೊಡನೆ ಕಾವಲಿನವರು ಹಗ್ಗ ಸರಿಸಿ ಜನರನ್ನು ದಾಟಿಸುತ್ತಿದ್ದರು. ಕೈಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಬಂದ ತಾಯಿಯೊಬ್ಬಳು ಆ ಪ್ರಖ್ಯಾತ ಹುಲ್ಲಿನ ನಡುವೆ ನಿರಾಳವಾಗಿ ನಡೆದುಹೋದಳು.

ಈ ಹಕ್ಕು ಸುಮ್ಮನೆ ಬಂದುದಲ್ಲ. ೧೫೫೨ರಲ್ಲಿ ಅಲ್ಲಿಯ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಸನ್ನದಿಗೆ ಒಪ್ಪಿ, ಈ ಬಯಲಿನಲ್ಲಿ ಆಡುವ ಹಕ್ಕು ಊರ ಜನರದೆಂದು ಮಾನ್ಯ ಮಾಡಿದ; ಮೊಲ ಸಾಕುವ ಹಕ್ಕು ಮಾತ್ರ ತನಗಿಟ್ಟುಕೊಂಡ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಾಲದಲ್ಲಿ ಮುಳುಗಿದ ಊರಾಡಳಿತ ಬಯಲನ್ನು ಕಳೆದುಕೊಂಡಿತು. ಅದು ಮೊಲದ ವ್ಯಾಪಾರಿಗಳ ವಶವಾಗಿ, ಆಟಗಾರರಿಗೂ ಅವರಿಗೂ ವರ್ಷಗಟ್ಟಲೆ ಕಲಹ, ಕೋರ್ಟು ಕಚೇರಿಗಳು ನಡೆದವು. ಕೊನೆಗೆ ೧೮೯೪ರಲ್ಲಿ ಪಾರ್ಲಿಮೆಂಟಿನ ಕಾಯಿದೆಯೊಂದರ ಬಲದಿಂದ ಊರು ತನ್ನ ಬಯಲನ್ನು ಮರಳಿ ಪಡೆಯಿತು. ಈಗ ಅದನ್ನು ನೋಡಿಕೊಳ್ಳುವುದು ೧೯೭೪ರಲ್ಲಿ ರಚಿತವಾದ ಸಾರ್ವಜನಿಕ ಟ್ರಸ್ಟ್. ಬೆಂಗಳೂರಿನ ಬೇಲಿಯನ್ನು ನೋಡಿ ಬೆಳೆದ ನನಗೆ ಇದು ನಂಬಲಾಗದ ಕಥೆಯಂತೆ ತೋರಿತು.

ಹಳೆಯ ಅಂಗಳವೆಂದು ಪ್ರಸಿದ್ಧವಾದ ಇದನ್ನು ಯಾರೊಬ್ಬರೂ ಕುಳಿತು ನಕ್ಷೆ ಬರೆದು ಕಟ್ಟಲಿಲ್ಲ. ಗಾಳಿ, ಕುರಿ, ಕಾಲ ಇವು ಕೂಡಿ ಮಾಡಿದವು. ಮೊದಲು ಒಂದು ಸುತ್ತಿಗೆ ಇಪ್ಪತ್ತೆರಡು ಕುಳಿಗಳಿದ್ದವು. ೧೭೬೪ರಲ್ಲಿ ಕೆಲವನ್ನು ಕೂಡಿಸಿದ್ದರಿಂದ ಅದು ಹದಿನೆಂಟಾಯಿತು. ಇಂದು ಜಗತ್ತಿನೆಲ್ಲೆಡೆ ಒಂದು ಸುತ್ತೆಂದರೆ ಹದಿನೆಂಟು. ಕುಳಿಯಿರುವ ನುಣುಪು ನೆಲಕ್ಕೆ ‘ಗ್ರೀನ್’ ಎನ್ನುತ್ತಾರಷ್ಟೆ. ಇಲ್ಲಿ ಹೋಗುವವರಿಗೂ ಬರುವವರಿಗೂ ಸೇರಿ ಏಳು ಜೋಡಿ ಗ್ರೀನ್‌ಗಳಿವೆ: ಎರಡನೆಯದೂ ಹದಿನಾರನೆಯದೂ ಒಂದೇ ಹಾಸಿನ ಮೇಲೆ, ಮೂರನೆಯದೂ ಹದಿನೈದನೆಯದೂ ಒಂದೇ ಹಾಸಿನ ಮೇಲೆ. ಯಾವ ಜೋಡಿಯನ್ನು ಕೂಡಿಸಿದರೂ ಹದಿನೆಂಟೇ ಬರುತ್ತದೆ. ನೆಲವೇ ಜೋಡಿಯಾಗಿ ಆಡುವ ಊರು ಇದು ಎಂದುಕೊಂಡೆ. ಪಂದ್ಯದ ನಿಯಮವನ್ನು ಭಾವ ವಿವರಿಸಿದ ಮೇಲೆ ಆ ಮಾತು ಇನ್ನಷ್ಟು ನಿಜವೆನಿಸಿತು.

ಬಲ್ಲವನೂ ಬಲ್ಲಷ್ಟು ಬಲ್ಲವನೂ

ಗಾಲ್ಫಿನಷ್ಟು ಒಂಟಿಯಾದ ಆಟ ಮತ್ತೊಂದಿಲ್ಲ. ಎದುರಾಳಿ ಚೆಂಡನ್ನು ಎಸೆಯುವುದಿಲ್ಲ, ಅಡ್ಡಗಟ್ಟುವುದಿಲ್ಲ. ಚೆಂಡು ತೆಪ್ಪಗೆ ನೆಲದ ಮೇಲೆ ಕುಳಿತಿರುತ್ತದೆ. ತಪ್ಪಿದರೆ ದೂರಲು ತಾನಲ್ಲದೆ ಇನ್ನಾರೂ ಇಲ್ಲ. ಅಂಥ ಆಟಕ್ಕೆ ಈ ಪಂದ್ಯಾವಳಿ ಒಬ್ಬ ಜೊತೆಗಾರನನ್ನು ಕಟ್ಟಿದೆ. ೧೯೮೫ರಿಂದ ೨೦೦೦ದವರೆಗೆ ಇಲ್ಲಿ ದೇಶದೇಶಗಳ ಮೂವರ ತಂಡಗಳ ನಡುವೆ ಒಂದು ಪಂದ್ಯಾವಳಿ ನಡೆಯುತ್ತಿತ್ತು. ೨೦೦೧ರಿಂದ ಅದರ ಸ್ಥಾನದಲ್ಲಿ ಈಗಿನದು ಬಂದಿತು. ೧೬೮ ಮಂದಿ ವೃತ್ತಿಪರ ಆಟಗಾರರು, ಅವರೊಬ್ಬೊಬ್ಬರಿಗೂ ಒಬ್ಬೊಬ್ಬರಂತೆ ೧೬೮ ಮಂದಿ ಹವ್ಯಾಸಿಗಳು. ಒಂದೇ ಊರಿನಲ್ಲಿ ಇವರನ್ನೆಲ್ಲ ಆಡಿಸುವುದು ಸಾಧ್ಯವಿಲ್ಲ. ಆದಕಾರಣ ಮೂರು ಅಂಗಳಗಳು: ಸೇಂಟ್ ಆಂಡ್ರೂಸ್, ಅಳಿವೆಯಾಚೆಯ ಕಾರ್ನೂಸ್ಟಿ, ಕಡಲಂಚಿನ ಕಿಂಗ್ಸ್‌ಬಾರ್ನ್ಸ್. ದಿನಕ್ಕೊಂದು ಅಂಗಳದಂತೆ ಮೂರು ದಿನ ಎಲ್ಲರೂ ಮೂರರಲ್ಲಿಯೂ ಆಡಬೇಕು. ಆಮೇಲೆ ಜರಡಿ ಹಿಡಿದು, ಮೊದಲ ಅರವತ್ತು ವೃತ್ತಿಪರರೂ ಮೊದಲ ಇಪ್ಪತ್ತು ಜೋಡಿಗಳೂ ಭಾನುವಾರ ಹಳೆಯ ಅಂಗಳದಲ್ಲಿ ಕೊನೆಯ ಸುತ್ತು ಆಡುತ್ತಾರೆ.

ಹೀಗೆ ಒಂದೇ ಆಟದಲ್ಲಿ ಎರಡು ಪಂದ್ಯಗಳು ನಡೆಯುತ್ತವೆ. ವೃತ್ತಿಪರನ ಸ್ವಂತ ಲೆಕ್ಕ ಒಂದು. ಒಟ್ಟು ಐವತ್ತು ಲಕ್ಷ ಡಾಲರಿನ ಬಹುಮಾನ ಅದಕ್ಕೆ. ಜೋಡಿಯ ಲೆಕ್ಕ ಇನ್ನೊಂದು. ಜೋಡಿಯ ಲೆಕ್ಕದಲ್ಲಿ ಪ್ರತಿಯೊಂದು ಕುಳಿಗೂ ಇಬ್ಬರಲ್ಲಿ ಯಾರದು ಕಡಿಮೆ ಹೊಡೆತವೋ ಅದನ್ನು ಮಾತ್ರ ಹಿಡಿಯುತ್ತಾರೆ. ಹವ್ಯಾಸಿಗೆ ಅವನ ಶಕ್ತಿಯನ್ನು ಅಳೆದು ಇಂತಿಷ್ಟು ಹೊಡೆತಗಳ ರಿಯಾಯಿತಿ ಉಂಟು. ಅದಕ್ಕೆ ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ರಿಯಾಯಿತಿಯಿರುವ ಕುಳಿಯಲ್ಲಿ ಅವನು ಐದು ಹೊಡೆದರೆ ನಾಲ್ಕೆಂದು ಬರೆದುಕೊಳ್ಳಬಹುದು.

ನಿಯಮ ಕೇಳುವಾಗ ನೀರಸ. ಕಣ್ಣಾರೆ ಕಂಡಾಗ ಅದರ ಸೊಗಸು ತಿಳಿಯಿತು. ಹದಿನೇಳನೆಯ ಕುಳಿಯ ಬಳಿ ನಾವು ನಿಂತಿದ್ದೆವು. ಗ್ರೀನ್‌ನ ಮುಂದೆ ಬಾವಿಯಂಥ ಒಂದು ಮರಳ ಗುಂಡಿ. ಹಿಂದೆ ಊರಿನ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ಜಗತ್ತಿನ ಅತ್ಯಂತ ಕಠಿನವಾದ ಕುಳಿಗಳಲ್ಲಿ ಇದೊಂದು ಎನ್ನುತ್ತಾರೆ. ವೃತ್ತಿಪರನೊಬ್ಬ ಸಾಹಸಕ್ಕಿಳಿದು ಆ ಗುಂಡಿಗೆ ಬಿದ್ದ. ಒಳಗಿನಿಂದ ಮರಳು ಎದ್ದಿತು, ಚೆಂಡು ಏಳಲಿಲ್ಲ. ಮತ್ತೆ ಮರಳು. ಮೂರನೆಯ ಸಲ ಚೆಂಡು ಹೊರಬಂದು, ಕೊನೆಗೆ ಅವನ ಲೆಕ್ಕ ಏಳಾಯಿತು. ಅವನ ಜೊತೆಗಿದ್ದ ಸ್ಥೂಲಕಾಯದ ಹವ್ಯಾಸಿ ತನ್ನ ಮಿತಿಯನ್ನು ಬಲ್ಲವನು. ಗುಂಡಿಯ ಗೊಡವೆಗೇ ಹೋಗದೆ, ಬಲಗಡೆಯಿಂದ ಸುತ್ತಿ ಬಳಸಿ, ಮೂರು ಹೊಡೆತಗಳಲ್ಲಿ ಗ್ರೀನ್ ಮೇಲೆ ಬಂದಿದ್ದ. ಏಳು ಹೊಡೆದ ಆ ಯುವಕ ತನ್ನ ಕೋಪವನ್ನು ನುಂಗಿ, ಮಂಡಿಯೂರಿ, ಜೊತೆಗಾರನ ಚೆಂಡಿಗೂ ಕುಳಿಗೂ ನಡುವಣ ಇಳಿಜಾರನ್ನು ತನ್ನದೇ ಎಂಬಂತೆ ದಿಟ್ಟಿಸಿ, ಬೆರಳಿನಿಂದ ದಾರಿ ತೋರಿಸಿದ. ಎರಡು ಮೆಲುಹೊಡೆತಗಳಲ್ಲಿ ಚೆಂಡು ಒಳಗಿಳಿಯಿತು. ಐದು, ರಿಯಾಯಿತಿ ಕಳೆದು ನಾಲ್ಕು. ಜೋಡಿಯ ಲೆಕ್ಕಕ್ಕೆ ನಾಲ್ಕು, ಯುವಕನ ಹೊಟ್ಟೆಪಾಡಿನ ಲೆಕ್ಕಕ್ಕೆ ಏಳು! ಆದರೂ ಅವನು ಟೋಪಿ ತೆಗೆದು ತನ್ನ ಜೊತೆಗಾರನಿಗೆ ತಲೆಬಾಗಿದ. ಸುತ್ತಲಿನವರು ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಗಾಲ್ಫಿಗಾಗಿ ನಾನು ತಟ್ಟಿದ ಮೊದಲ ಚಪ್ಪಾಳೆ ಅದು.

ಇದರಲ್ಲಿ ಮರುಳಾಗದೆ ನೋಡಬೇಕಾದ ಮಗ್ಗುಲೂ ಒಂದಿದೆ. ಈ ಹವ್ಯಾಸಿಗಳು ದಾರಿಹೋಕರಲ್ಲ, ಆಹ್ವಾನಿತರು. ದೊಡ್ಡ ಉದ್ಯಮಿಗಳು; ಮೈಕೇಲ್ ಡಗ್ಲಸ್, ಬಿಲ್ ಮರ್ರಿ, ಹ್ಯೂ ಗ್ರಾಂಟ್ ಮುಂತಾದ ಚಲನಚಿತ್ರ ನಟರು; ಜಾಕ್ ಕಾಲಿಸ್, ಮೈಕೇಲ್ ವಾನ್ ಮೊದಲಾದ ಕ್ರಿಕೆಟಿಗರು. ನಾಲ್ವರ ಒಂದೊಂದು ಗುಂಪಿನಲ್ಲಿ ಇಬ್ಬರು ಹವ್ಯಾಸಿಗಳಿರುವುದರಿಂದ ಆಟ ಐದು ಗಂಟೆಗೂ ಮೀರಿ ತೆವಳುತ್ತದೆ. ‘ಸಿರಿವಂತರ ಸಂತೋಷಕೂಟಕ್ಕೆ ಬಡಪಾಯಿ ವೃತ್ತಿಪರರು ಕಾಯಬೇಕಲ್ಲ, ಭಾವ!’ ಎಂದೆ. ಅವರು ಅಲ್ಲಗಳೆಯಲಿಲ್ಲ. ‘ನಿಜ. ಆದರೆ ಮೊದಲ ಮೂರು ದಿನ ನೋಡುವವರಿಗೆ ಟಿಕೆಟ್ಟಿಲ್ಲ. ಆ ಹುಡುಗರನ್ನು ನೋಡು’ ಎಂದರು. ಶಾಲೆಯ ಉಡುಪಿನ ನಾಲ್ಕಾರು ಮಕ್ಕಳು ಹಗ್ಗಕ್ಕೆ ಒರಗಿ, ಒಬ್ಬ ನಟನನ್ನಲ್ಲ, ಒಬ್ಬ ಆಟಗಾರನ ಕೈಯನ್ನು ಎವೆಯಿಕ್ಕದೆ ನೋಡುತ್ತಿದ್ದರು.

ಒಂದು ಖಾಲಿ ಜಾಗ

ಮಧ್ಯಾಹ್ನ ಬೆಂಚಿನ ಮೇಲೆ ಕುಳಿತು ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿನ್ನುತ್ತಿದ್ದಾಗ ಭಾವ ಹೇಳಿದರು: ‘ಹೋದ ವರ್ಷ ಇಲ್ಲೇ ಶೇನ್ ವಾರ್ನ್ ಆಡಿದ್ದ. ನ್ಯೂಜಿಲೆಂಡಿನ ರಯನ್ ಫಾಕ್ಸ್ ಅವನ ಜೋಡಿ. ಇಬ್ಬರೂ ಸೇರಿ ಎರಡನೆಯ ಸ್ಥಾನಕ್ಕೆ ಬಂದಿದ್ದರು.’

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ವರ್ಷದ ಮಾರ್ಚ್ ೪ರಂದು ವಾರ್ನ್ ಥಾಯ್ಲೆಂಡಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರು, ವಯಸ್ಸು ಐವತ್ತೆರಡು. ಟೆಸ್ಟ್ ಕ್ರಿಕೆಟ್ಟಿನಲ್ಲಿ ೭೦೮ ವಿಕೆಟ್ಟುಗಳನ್ನು ಪಡೆದ ಆ ಮಣಿಕಟ್ಟಿನ ಮಾಂತ್ರಿಕನನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ. ೧೯೯೮ರ ಮಾರ್ಚಿನಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ, ನಮ್ಮ ತಂದೆ ನನ್ನನ್ನು ಮೈಸೂರಿನಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕರೆದೊಯ್ದಿದ್ದರು. ಸಚಿನ್ ತೆಂಡೂಲ್ಕರ್ ೧೭೭ ಓಟಗಳನ್ನು ಹೊಡೆದ, ಆದರೂ ಆಸ್ಟ್ರೇಲಿಯ ಗೆದ್ದ ಪಂದ್ಯ ಅದು. ಸಚಿನ್ನರ ಹೊಡೆತಗಳಿಗೆ ಕುಣಿಯುತ್ತಿದ್ದ ನನ್ನ ಭುಜ ಹಿಡಿದು ತಂದೆ ಹೇಳಿದ್ದರು: ‘ಚೆಂಡನ್ನು ಎಲ್ಲರೂ ನೋಡುತ್ತಾರೆ. ನೀನು ಅವನ ಮಣಿಕಟ್ಟನ್ನು ನೋಡು.’ ಅಂದಿನಿಂದ ನಮ್ಮ ಮನೆಯಲ್ಲಿ ಆಟ ನೋಡುವುದೆಂದರೆ ನಾವಿಬ್ಬರೂ ಸೇರಿ ನೋಡುವುದು. ತಂದೆಯವರು ಈಗಿಲ್ಲ. ವಾರ್ನ್ ತೀರಿಕೊಂಡ ಸುದ್ದಿ ಬಂದ ಸಂಜೆ ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಮನೆಯೊಳಗೆ ಸುಮ್ಮನೆ ಸುತ್ತಾಡಿದ್ದೆ.

ಆದ್ದರಿಂದ ಅಂದಿನಿಂದ ನನ್ನ ಕಣ್ಣು ಫಾಕ್ಸ್ ಎಂಬ ಹೆಸರನ್ನೇ ಹುಡುಕತೊಡಗಿತು. ಅವರ ಮನೆತನವೂ ಆಟಗಾರರದೇ: ತಂದೆ ಗ್ರಾಂಟ್ ಫಾಕ್ಸ್ ೧೯೮೭ರಲ್ಲಿ ವಿಶ್ವಕಪ್ ಗೆದ್ದ ನ್ಯೂಜಿಲೆಂಡಿನ ರಗ್ಬಿ ತಂಡದವರು, ತಾಯಿಯ ತಂದೆ ಮರ್ವ್ ವಾಲೆಸ್ ಆ ದೇಶದ ಕ್ರಿಕೆಟ್ ತಂಡದ ನಾಯಕರಾಗಿದ್ದವರು.

ಶುಕ್ರವಾರ ಅಳಿವೆಯಾಚೆಯ ಕಾರ್ನೂಸ್ಟಿಗೆ ಹೋದೆವು. ಮಳೆ ಗಾಳಿಗಳು ಕೂಡಿ ಬಡಿದವು. ನನ್ನ ಕೊಡೆ ಹಿಂದುಮುಂದಾಗಿ ಹಾರಿ ಉಪಯೋಗಕ್ಕೆ ಬಾರದಾಯಿತು. ಅಲ್ಲಿಯ ಕೊನೆಯ ಕುಳಿಯ ಹಾದಿಯಲ್ಲಿ ಹಾವಿನಂತೆ ಸುತ್ತಿಕೊಂಡಿರುವ ಬ್ಯಾರಿ ತೊರೆಯನ್ನು ಭಾವ ತೋರಿಸಿದರು. ೧೯೯೯ರ ಓಪನ್ ಪಂದ್ಯಾವಳಿಯಲ್ಲಿ ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಮೂರು ಹೊಡೆತಗಳ ಮುನ್ನಡೆಯೊಡನೆ ಇಲ್ಲಿಗೆ ಬಂದು, ಚೆಂಡನ್ನು ತೊರೆಗೆ ಕಳೆದು, ಪಾದರಕ್ಷೆ ಬಿಚ್ಚಿ ನೀರಿಗಿಳಿದು ನಿಂತು, ಕೈಗೆ ಬಂದ ಗೆಲುವನ್ನು ಕಳೆದುಕೊಂಡರಂತೆ. ಅಂದು ಗೆದ್ದವರು ಸ್ಕಾಟ್ಲೆಂಡಿನವರೇ ಆದ ಪಾಲ್ ಲಾರಿ; ೨೦೦೧ರಲ್ಲಿ ಡನ್‌ಹಿಲ್ ಲಿಂಕ್ಸ್‌ನ ಮೊದಲ ವಿಜಯಿಯೂ ಅವರೇ. ಶನಿವಾರದ ಕಿಂಗ್ಸ್‌ಬಾರ್ನ್ಸ್ ಕಣ್ಣಿಗೆ ಹಬ್ಬ. ೨೦೦೦ದಲ್ಲಿ ತೆರೆದ ಹೊಸ ಅಂಗಳವಾದರೂ ಎಲ್ಲಿ ನಿಂತರೂ ಕಡಲು ಕಾಣುತ್ತದೆ. ಅಲೆಗಳ ಸದ್ದಿನಲ್ಲಿ ಚೆಂಡಿನ ಸದ್ದು ಕೇಳಿಸುವುದೇ ಇಲ್ಲ.

ಭಾನುವಾರ

ಸೇಂಟ್ ಆಂಡ್ರೂಸಿನ ಹಳೆಯ ಅಂಗಳದಲ್ಲಿ ಭಾನುವಾರ ಆಡುವ ಪದ್ಧತಿಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಪಾಲಿಸುತ್ತಿದ್ದ ಹಿರಿಯ ಟಾಮ್ ಮಾರಿಸ್, ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕು ಎನ್ನುತ್ತಿದ್ದನಂತೆ. ಇಂಥ ದೊಡ್ಡ ಪಂದ್ಯಗಳ ಭಾನುವಾರಗಳಿಗೆ ಮಾತ್ರ ವಿನಾಯಿತಿ.

ಆಟ ಕಾವೇರುವ ಮೊದಲು ನಾನೊಬ್ಬನೇ ಊರಿನ ಇನ್ನೊಂದು ತುದಿಯ ಪಾಳುಬಿದ್ದ ಕೆಥೆಡ್ರಲಿಗೆ ಹೋದೆ. ಅಲ್ಲಿಯ ಸಮಾಧಿಗಳ ನಡುವೆ ಹಿರಿಯ ಟಾಮ್ ಮತ್ತು ಅವನ ಮಗ ಕಿರಿಯ ಟಾಮ್ ಮಲಗಿದ್ದಾರೆ. ತಂದೆ ನಾಲ್ಕು ಬಾರಿ ಓಪನ್ ಗೆದ್ದವನು. ಮಗನೂ ನಾಲ್ಕು ಬಾರಿ. ಇಬ್ಬರೂ ಜೋಡಿಯಾಗಿ ಊರೂರಿಗೆ ಹೋಗಿ ಪಂದ್ಯ ಕಟ್ಟಿ ಆಡುತ್ತಿದ್ದರು. ೧೮೭೫ರ ಸೆಪ್ಟೆಂಬರಿನಲ್ಲಿ, ಫೋರ್ತ್ ಅಳಿವೆಯಾಚೆಯ ನಾರ್ತ್ ಬೆರಿಕ್ ಎಂಬಲ್ಲಿ, ಪಾರ್ಕ್ ಸಹೋದರರ ವಿರುದ್ಧ ಅವರು ಆಡುತ್ತಿದ್ದಾಗ ಒಂದು ತಂತಿ ಬಂತು: ಕಿರಿಯನ ಹೆಂಡತಿಗೆ ಹೆರಿಗೆಯ ಬೇನೆ ವಿಷಮಿಸಿದೆ. ತಂದೆ ಮಕ್ಕಳು ಹಾಯಿದೋಣಿಯಲ್ಲಿ ಅಳಿವೆ ದಾಟಿದರು. ಅವರು ಮನೆ ಸೇರುವ ಮೊದಲೇ ತಾಯಿಯೂ ಮಗುವೂ ತೀರಿಕೊಂಡಿದ್ದರು. ಅದೇ ವರ್ಷ ಕ್ರಿಸ್ಮಸ್ ದಿನ ಕಿರಿಯ ಟಾಮನೂ ಸತ್ತ; ಇಪ್ಪತ್ತನಾಲ್ಕೇ ವರ್ಷ. ಹಿರಿಯ ಟಾಮ್ ಆಮೇಲೆ ಮೂವತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿ, ೧೯೦೮ರಲ್ಲಿ ತೀರಿಕೊಂಡ. ಜೊತೆಗಾರನಿಲ್ಲದ ಅಷ್ಟೂ ವರ್ಷ ಆ ಹುಲ್ಲಿನ ಮೇಲೆ ನಡೆದಾಡಿದ ಮುದುಕನನ್ನು ನೆನೆದು, ಗೋಡೆಯಲ್ಲಿ ಕೆತ್ತಿದ ಕಿರಿಯನ ಮೂರ್ತಿಯ ಮುಂದೆ ಬಹಳ ಹೊತ್ತು ನಿಂತೆ. ಚೆಂಡಿನ ಮೇಲೆ ಬಾಗಿ, ಕೋಲು ಹಿಡಿದು, ಇನ್ನೇನು ಹೊಡೆಯುವವನಂತೆ ಇದ್ದಾನೆ.

ನಾನು ಮರಳಿ ಬಂದಾಗ ಅಂಗಳದ ಸುತ್ತ ಜನ ಕಿಕ್ಕಿರಿದಿದ್ದರು. ಹಿಂದಿನ ಸಂಜೆ ಇಂಗ್ಲೆಂಡಿನ ರಿಚರ್ಡ್ ಮ್ಯಾನ್ಸೆಲ್ ನಾಲ್ಕು ಹೊಡೆತಗಳಿಂದ ಮುಂದಿದ್ದರು. ಆ ಮುನ್ನಡೆ ಕುಳಿಯಿಂದ ಕುಳಿಗೆ ಕರಗಿತು. ಫಲಕದ ಮೇಲೆ ಫಾಕ್ಸ್ ಹೆಸರು ಮೆಟ್ಟಿಲು ಹತ್ತಿದಂತೆ ಮೇಲೇರಿತು. ಆಟದ ಸೂಕ್ಷ್ಮಗಳನ್ನು ಬಣ್ಣಿಸುವ ಯೋಗ್ಯತೆ ನನಗಿಲ್ಲ. ಸ್ವಿಲ್ಕನ್ ತೊರೆಯ ಮೇಲಿನ ಪುಟ್ಟ ಕಲ್ಲಿನ ಸೇತುವೆಯನ್ನು, ಶತಮಾನಗಳ ಹಿಂದೆ ಕುರಿಗಾಹಿಗಳಿಗಾಗಿ ಕಟ್ಟಿದ್ದೆನ್ನುವ ಆ ಸೇತುವೆಯನ್ನು ದಾಟಿ, ಫಾಕ್ಸ್ ಹದಿನೆಂಟನೆಯ ಕುಳಿಯ ಕಡೆ ನಡೆದುಬಂದಾಗ ನಾನು ಮಾತ್ರ ಚೆಂಡನ್ನು ನೋಡಲಿಲ್ಲ. ಅವರ ಮಣಿಕಟ್ಟನ್ನೇ ನೋಡುತ್ತಿದ್ದೆ. ಹಳೆಯ ಅಭ್ಯಾಸ. ಅವರ ಆ ದಿನದ ಲೆಕ್ಕ ೬೮. ಸ್ವೀಡನ್ನಿನ ಅಲೆಕ್ಸ್ ನೊರೆನ್, ಇಂಗ್ಲೆಂಡಿನ ಕ್ಯಾಲಮ್ ಶಿಂಕ್ವಿನ್ ಇಬ್ಬರನ್ನೂ ಒಂದೇ ಒಂದು ಹೊಡೆತದಿಂದ ಹಿಂದೆ ಹಾಕಿ ಅವರು ಗೆದ್ದರು.

ಗೆದ್ದ ಮೇಲೆ ಅವರು ಮಾತನಾಡಿದ್ದು ತಮ್ಮ ಆಟವನ್ನು ಕುರಿತಲ್ಲ, ವಾರ್ನ್ ಅವರನ್ನು ಕುರಿತು. ಆ ಗಳಿಗೆಯಲ್ಲಿ ತಮ್ಮ ಮನಸ್ಸಿನಲ್ಲಿರುವವರು ಅವರೊಬ್ಬರೇ ಎಂದರು. ಅವರು ಇಲ್ಲಿರಬೇಕಾಗಿತ್ತು ಎಂದರು. ಕಣ್ಣು ತುಂಬಿ, ಮಾತು ತಡವರಿಸಿತು. ಅಷ್ಟು ದೊಡ್ಡ ಆಳು, ಅಷ್ಟು ದೊಡ್ಡ ಬಹುಮಾನ. ಆದರೂ ಅವರು ಹುಡುಕುತ್ತಿದ್ದುದು ಸುದ್ದಿಯನ್ನು ಹಂಚಿಕೊಳ್ಳಬೇಕಾಗಿದ್ದ ಒಬ್ಬರನ್ನು. ಆ ಹುಡುಕಾಟ ನನಗೆ ಪರಿಚಿತವಾದದ್ದು. ನನ್ನ ಪಕ್ಕದಲ್ಲಿದ್ದ ಭಾವ ಏನೂ ಹೇಳದೆ ನನ್ನ ಭುಜದ ಮೇಲೆ ಕೈಯಿಟ್ಟರು.

ಮರುವಾರ

ವಿಜಯದಶಮಿ ಕಳೆದು, ಅಕ್ಕ ಕಪಾಟಿನ ಮೇಲೆ ಕೂರಿಸಿದ್ದ ನಾಲ್ಕು ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ, ಮುಂದಿನ ಭಾನುವಾರ ಅವಳನ್ನೂ ಕರೆದುಕೊಂಡು ಮತ್ತೆ ಸೇಂಟ್ ಆಂಡ್ರೂಸಿಗೆ ಹೋದೆವು. ಈ ಸಲ ವಿಶ್ವವಿದ್ಯಾನಿಲಯವನ್ನೂ ನೋಡಿದೆ. ಅಲ್ಲಿಯ ಹೆಬ್ಬಾಗಿಲ ಮುಂದೆ ಕಲ್ಲುಹಾಸಿನಲ್ಲಿ ಎರಡು ಅಕ್ಷರಗಳಿವೆ. ೧೫೨೮ರಲ್ಲಿ ಧರ್ಮದ ಹೆಸರಿನಲ್ಲಿ ಸುಟ್ಟುಹಾಕಿದ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬವನ ಹೆಸರಿನ ಮೊದಲಕ್ಷರಗಳವು. ಅವನ್ನು ತುಳಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಫೇಲಾಗುತ್ತಾನೆಂದು ನಂಬಿಕೆ. ಮೇಷ್ಟರಿಗೂ ಅನ್ವಯಿಸಬಹುದೆಂಬ ಭಯದಿಂದ ನಾನೂ ಬಳಸಿಕೊಂಡೇ ಹೋದೆ.

ಸಂಜೆ ಹಳೆಯ ಅಂಗಳಕ್ಕೆ ಬಂದೆವು. ಹಗ್ಗವಿಲ್ಲ, ಫಲಕವಿಲ್ಲ, ಕಾವಲಿಲ್ಲ. ಭಾನುವಾರದಂದು ಅದು ಊರಿನ ಉದ್ಯಾನ. ನಾಯಿಗಳು ಮರಳ ಗುಂಡಿಗಳ ಅಂಚಿನಲ್ಲಿ ಓಡುತ್ತಿದ್ದವು. ಅಜ್ಜ ಅಜ್ಜಿಯರು ಕೈಹಿಡಿದು ನಡೆಯುತ್ತಿದ್ದರು. ಮಕ್ಕಳು ಹದಿನೆಂಟನೆಯ ಗ್ರೀನ್‌ನ ಮುಂದಿನ ತಗ್ಗಿನಲ್ಲಿ ಉರುಳಾಡುತ್ತಿದ್ದರು. ವಾರದ ಹಿಂದೆ ಒಂದು ಹೊಡೆತಕ್ಕೆ ಲಕ್ಷಾಂತರ ಡಾಲರು ಬೆಲೆಯಿದ್ದ ನೆಲ ಅದು. ಕಲ್ಲಿನ ಸೇತುವೆಯ ಮೇಲೆ ನಿಂತು ಅಕ್ಕ, ‘ಅಪ್ಪ ಇದನ್ನು ನೋಡಬೇಕಿತ್ತು ಕಣೋ’ ಎಂದಳು. ‘ನೋಡಿದ್ದರೆ, ಮೊದಲು ಹುಲ್ಲನ್ನು ಯಾರು ಕತ್ತರಿಸುತ್ತಾರೆ ಎಂದು ಕೇಳುತ್ತಿದ್ದರು’ ಎಂದೆ. ಇಬ್ಬರೂ ನಕ್ಕೆವು. ಅವರು ತೀರಿಕೊಂಡ ಮೇಲೆ ಅವರ ಮಾತೆತ್ತಿ ನಾವು ನಕ್ಕದ್ದು ಅದೇ ಮೊದಲು.

ಮೈಸೂರಿಗೆ ಮರಳಿದ ಮೇಲೂ ಅಕ್ಟೋಬರ್ ಬಂತೆಂದರೆ ನನಗೆ ಆ ಪಂದ್ಯದ ಸುದ್ದಿಯ ನಿರೀಕ್ಷೆ. ೨೦೨೩ರಲ್ಲಿ ಮಳೆ ಎಡೆಬಿಡದೆ ಸುರಿದು ಒಂದು ಸುತ್ತನ್ನೇ ರದ್ದುಮಾಡಬೇಕಾಯಿತು. ಆ ವರ್ಷ ಗೆದ್ದವರು ಇಂಗ್ಲೆಂಡಿನ ಮ್ಯಾಥ್ಯೂ ಫಿಟ್ಜ್‌ಪ್ಯಾಟ್ರಿಕ್. ಜೋಡಿಯ ಪಂದ್ಯವನ್ನೂ ಅವರೇ ಗೆದ್ದರು. ಜೊತೆಗಾರ್ತಿ ಬೇರಾರೂ ಅಲ್ಲ, ಅವರ ತಾಯಿ ಸೂಸನ್. ೨೦೨೪ರಲ್ಲಿ ಟಿರೆಲ್ ಹ್ಯಾಟನ್ ತಮ್ಮ ತಂದೆಯನ್ನು ಜೊತೆಗಿಟ್ಟುಕೊಂಡು ಆಡಿ ಮೂರನೆಯ ಸಲ ಗೆದ್ದರು. ೨೦೨೫ರಲ್ಲಿ ಬಿರುಗಾಳಿ ಒಂದು ದಿನವನ್ನು ನುಂಗಿತು. ಇಪ್ಪತ್ತು ವರ್ಷಗಳ ಬಳಿಕ ಸ್ಕಾಟ್ಲೆಂಡಿನವರೊಬ್ಬರು, ರಾಬರ್ಟ್ ಮೆಕಿನ್‌ಟೈರ್, ತಮ್ಮ ನಾಡಿನ ಈ ಪಂದ್ಯವನ್ನು ಗೆದ್ದರು.

ತಾಯಿ ಮಗ ಗೆದ್ದ ಸುದ್ದಿಯನ್ನು ಅಕ್ಕ ಫೋನಿನಲ್ಲಿ ಹೇಳಿದ ದಿನ ನಮ್ಮಮ್ಮ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಸುದ್ದಿಯನ್ನು ಅವರಿಗೆ ಹೇಳಿ, ಪಂದ್ಯದ ನಿಯಮವನ್ನೂ ವಿವರಿಸಿದೆ. ಆಟಗಳೆಂದರೆ ಅಷ್ಟಕ್ಕಷ್ಟೇ ಎನ್ನುವ ಅಮ್ಮ ಕೆಲಸ ನಿಲ್ಲಿಸಿ ಕೇಳಿದರು:

‘ಮಗ ತಪ್ಪಿ ಹೊಡೆದಾಗ ತಾಯಿಯದು ಲೆಕ್ಕಕ್ಕೆ ಬರುತ್ತದೆಯೇನೋ?’

‘ಬರುತ್ತದಮ್ಮ.’

‘ತಾಯಿ ತಪ್ಪಿದಾಗ ಮಗನದು?’

‘ಅದೂ ಬರುತ್ತದೆ.’

‘ಹಾಗಿದ್ದರೆ ಅದು ಒಳ್ಳೆಯ ಆಟವೇ’ ಎಂದು ಅಮ್ಮ ಮತ್ತೆ ಅವರೆಕಾಯಿಯ ಕಡೆ ತಿರುಗಿದರು. ನಾನೂ ಅವರ ಪಕ್ಕದಲ್ಲಿ ಕುಳಿತು ಒಂದು ಹಿಡಿ ಕಾಯಿ ಎತ್ತಿಕೊಂಡೆ.